ಮೂರು ನಳಿಗೆಯ ಹಳೇ ಜರ್ಮನ್ ಕೋವಿ: ಕೊಳ್ಳುವ ಮೊದಲು ಏನು ನೋಡಬೇಕು, ಕೊಂಡ ಮೇಲೆ ಏನು ಮಾಡಬೇಕು

“ಮೂರು ನಳಿಗೆಯ ಹಳೇ ಕೋವಿ, ಮೇಲೆಲ್ಲ ಜಿಂಕೆ ಹಂದಿ ಕೆತ್ತನೆ, ಬೆಲೆ ಬರೀ 400 ಯೂರೋ. ತಗೊಳ್ಳಲಾ?” ಜರ್ಮನಿಗೆ ಬಂದು ಬೇಟೆ ಪರೀಕ್ಷೆ ಪಾಸು ಮಾಡಿದ ನಮ್ಮ ಜನ ಕೇಳುವ ಮೊದಲ ಪ್ರಶ್ನೆ ಇದು. ಅಮೆರಿಕದಿಂದಲೂ ಇದೇ ಪ್ರಶ್ನೆ ಬರುತ್ತದೆ. ಕೊಡಗಿನ ಕಡೆಯವರು ಇನ್ನೊಂದು ಸೇರಿಸಿ ಕೇಳುತ್ತಾರೆ: “ಊರಿಗೆ ತರಬಹುದಾ?” ಎಲ್ಲರಿಗೂ ಬೇರೆ ಬೇರೆ ಉತ್ತರ ಬರೆದು ಸಾಕಾಗಿದೆ. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆಯುತ್ತಿದ್ದೇನೆ.

ಮೊದಲು ಹೆಸರು ತಿಳಿದುಕೊಳ್ಳೋಣ. ನಮ್ಮಲ್ಲಿ ಒಂಟಿ ನಳಿಗೆ, ಜೋಡಿ ನಳಿಗೆ ಅಂತೀವಲ್ಲ, ಹಾಗೆ ಜರ್ಮನ್ನರು ಮೂರು ನಳಿಗೆಯ ಕೋವಿಗೆ ಡ್ರಿಲ್ಲಿಂಗ್ ಅನ್ನುತ್ತಾರೆ. ‘ಡ್ರೈ’ ಅಂದರೆ ಮೂರು. ಸಾಮಾನ್ಯವಾಗಿ ಮೇಲೆ ಎರಡು ಚರೆ ನಳಿಗೆ, ಅಂದರೆ ಸಣ್ಣ ಗುಂಡುಗಳನ್ನು ಒಟ್ಟಿಗೆ ಹಾರಿಸುವ ನಳಿಗೆ, ಅಕ್ಕಪಕ್ಕ ಇರುತ್ತವೆ. ಅವುಗಳ ಕೆಳಗೆ, ನಡುವೆ, ಒಂದು ರೈಫಲ್ ನಳಿಗೆ. ಒಂದು ಚರೆ ನಳಿಗೆ ಮತ್ತು ಒಂದು ರೈಫಲ್ ನಳಿಗೆ ಅಕ್ಕಪಕ್ಕ ಇದ್ದರೆ ಅದು ಬ್ಯೂಕ್ಸ್‌ಫ್ಲಿಂಟೆ. ಅದೇ ಎರಡು ಮೇಲೆ ಕೆಳಗೆ ಕೂತಿದ್ದರೆ ಬೋಕ್‌ಬ್ಯೂಕ್ಸ್‌ಫ್ಲಿಂಟೆ. ನಾಲ್ಕು ನಳಿಗೆಯದೂ ಇದೆ, ಫಿಯರ್ಲಿಂಗ್ ಅಂತ. ಅದು ಅಪರೂಪ, ಭಾರ, ರಿಪೇರಿಗೆ ತಲೆನೋವು. ಮೊದಲ ಸಲ ಕೊಳ್ಳುವವರು ಅದರ ತಂಟೆಗೆ ಹೋಗಬೇಡಿ.

ಇಂಥ ಕೋವಿ ಯಾಕೆ ಮಾಡಿದರು? ಅಲ್ಲಿನ ಬೇಟೆಗಾರ ತನಗೆ ಗೊತ್ತುಮಾಡಿದ ಒಂದೇ ಕಾಡಿನ ತುಂಡಿನಲ್ಲಿ ಓಡಾಡುತ್ತಾನೆ. ಬೆಳಿಗ್ಗೆ ಮೊಲ ಎದ್ದೀತು, ಸಂಜೆ ಹಂದಿ ಬಂದೀತು. ಎರಡು ಕೋವಿ ಹೊರುವ ಬದಲು ಎಲ್ಲವನ್ನೂ ಒಂದರಲ್ಲೇ ಸೇರಿಸಿದರು. ಈ ಕೆಲಸದ ತವರು ತುರಿಂಗಿಯಾ ಸೀಮೆಯ ಸೂಲ್ ಪಟ್ಟಣ. ಸೌವರ್, ಮೆರ್ಕೆಲ್, ಕ್ರೀಗ್‌ಹೋಫ್, ಸಿಮ್ಸನ್ ಎಲ್ಲ ಅಲ್ಲಿಯವೇ. ಎರಡನೇ ಮಹಾಯುದ್ಧದ ನಂತರ ಸೌವರ್ ಎಕರ್ನ್‌ಫೋರ್ಡೆಗೂ ಕ್ರೀಗ್‌ಹೋಫ್ ಉಲ್ಮ್‌ಗೂ ಹೋದವು. ಮೆರ್ಕೆಲ್ ಅಲ್ಲೇ ಉಳಿಯಿತು. ಸಿಮ್ಸನ್ ಒಂದು ಯಹೂದಿ ಕುಟುಂಬದ ಕಾರ್ಖಾನೆ. 1930ರ ದಶಕದ ನಡುವಿನಲ್ಲಿ ನಾಜಿಗಳು ಅದನ್ನು ಕಿತ್ತುಕೊಂಡರು, ಕುಟುಂಬ ದೇಶ ಬಿಟ್ಟಿತು. ಆ ಹೆಸರಿನ ಕೋವಿ ಸಿಕ್ಕರೆ ಈ ಕಥೆಯೂ ನೆನಪಿರಲಿ.

1. ಮೊದಲು ಕಾಗದಪತ್ರ, ಆಮೇಲೆ ಕೋವಿ

ಜರ್ಮನಿಯಲ್ಲಿ ಇರುವವರಿಗೆ ದಾರಿ ಸ್ಪಷ್ಟವಾಗಿದೆ. ಮೊದಲು ಬೇಟೆ ಪರೀಕ್ಷೆ. ಅದು ಎಷ್ಟು ಕಷ್ಟ ಅಂದರೆ ಅಲ್ಲಿನವರು ತಮಾಷೆಗೆ ‘ಹಸಿರು ಪಿಯುಸಿ’ ಅನ್ನುವ ಅರ್ಥದ ಹೆಸರು ಇಟ್ಟಿದ್ದಾರೆ. ಪಾಸಾಗಿ, ವಿಮೆ ಮಾಡಿಸಿದ ಮೇಲೆ ಯಾಗ್ಡ್‌ಶೈನ್, ಅಂದರೆ ಬೇಟೆ ಪರವಾನಗಿ ಸಿಗುತ್ತದೆ. ವಾರ್ಷಿಕ ಪರವಾನಗಿ ಚಾಲ್ತಿಯಲ್ಲಿದ್ದರೆ ಉದ್ದ ಕೋವಿ ಕೊಳ್ಳಲು ಮುಂಚಿತವಾಗಿ ಬೇರೆ ಅನುಮತಿ ಬೇಕಿಲ್ಲ. ಆದರೆ ಕೊಂಡ ಎರಡು ವಾರದೊಳಗೆ ವಾಫೆನ್‌ಬೆಸಿಟ್ಸ್‌ಕಾರ್ಟೆಯಲ್ಲಿ, ಅಂದರೆ ಆಯುಧ ಹೊಂದಿರುವವರ ಕಾರ್ಡಿನಲ್ಲಿ, ಅದನ್ನು ನಮೂದಿಸಬೇಕು. ಈ ಅವಧಿ ಮೀರಬೇಡಿ. ಮರೆತೆ ಅಂದರೆ ಕಚೇರಿಯವರು ಕೇಳುವುದಿಲ್ಲ.

ಕೋವಿ ಮನೆಗೆ ಬರುವ ಮೊದಲೇ ಸೇಫ್ ಮನೆಯಲ್ಲಿರಬೇಕು. 2017ರ ಜುಲೈನಿಂದ ಹೊಸದಾಗಿ ಕೊಳ್ಳುವ ಸೇಫ್ ಇಎನ್ 1143-1 ಮಾನದ ಕನಿಷ್ಠ 0 ದರ್ಜೆಯದಾಗಿರಬೇಕು. ಹಳೇ ತೆಳು ತಗಡಿನ ಬೀರು ಯಾರೋ ಅಗ್ಗಕ್ಕೆ ಕೊಡ್ತೀನಿ ಅಂದರೆ ಬೇಡ ಅನ್ನಿ.

ಅಮೆರಿಕದಲ್ಲಿರುವವರಿಗೆ ಒಂದು ಗಟ್ಟಿ ಎಚ್ಚರಿಕೆ. ನೀವು ಎಚ್-1ಬಿ ತರಹದ ತಾತ್ಕಾಲಿಕ ವೀಸಾದಲ್ಲಿ ಇದ್ದರೆ ಕೋವಿ ಇಟ್ಟುಕೊಳ್ಳುವುದು ಅಲ್ಲಿನ ಒಕ್ಕೂಟ ಕಾನೂನಿನ ಪ್ರಕಾರ ಅಪರಾಧ. ಅದಕ್ಕಿರುವ ಕೆಲವೇ ವಿನಾಯಿತಿಗಳಲ್ಲಿ ಒಂದು, ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್. ಸ್ನೇಹಿತನ ಕೋವಿಯನ್ನು ಸುಮ್ನೆ ರೇಂಜಿನಲ್ಲಿ ಹಿಡಿಯೋದು ತಾನೇ ಅಂತ ಹೋಗುವವರಿದ್ದಾರೆ. ಕೇಸು ಬಿದ್ದರೆ ವೀಸಾ ಸಮೇತ ಹೋಗುತ್ತದೆ. ಮೊದಲು ವಕೀಲರನ್ನು ಕೇಳಿ.

ಇನ್ನು ಕೊಡಗಿನವರ ಪ್ರಶ್ನೆ. ಕೊಡವರಿಗೂ ಜಮ್ಮಾ ಅನ್ನುವ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೂ ಆಯುಧ ಲೈಸೆನ್ಸಿನಿಂದ ವಿನಾಯಿತಿ ಇದೆ, ಅದನ್ನು 2029ರವರೆಗೆ ವಿಸ್ತರಿಸಿದ್ದಾರೆ, ನಿಜ. ಆದರೆ ಅದು ಹೊರದೇಶದಿಂದ ಕೋವಿ ತರಿಸಲು ಕೊಟ್ಟ ರಹದಾರಿ ಅಲ್ಲ. ಆಮದಿಗೆ ಬೇರೆಯೇ ಕಟ್ಟುನಿಟ್ಟು ಇದೆ. ಲಗೇಜಿನಲ್ಲಿ ತರುವ ಯೋಚನೆಯನ್ನಂತೂ ಇಲ್ಲೇ ಬಿಡಿ. ತಂದರೂ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಬೇಟೆ ನಿಂತಿದೆ, ಇದರ ರೈಫಲ್ ನಳಿಗೆಗೆ ತೋಟಾ ಹುಡುಕುವುದೂ ಆಗದ ಮಾತು. ಕೈಲ್‌ಪೊಳ್ದ್ ಆಯುಧ ಹಬ್ಬದ ದಿನ ಪೂಜೆಗೆ ಇಡೋಕೆ ಮನೆಯಲ್ಲಿರುವ ತೋಕೇ (ಕೋವಿಯೇ) ಸಾಕು, ಅಲ್ವಾ?

2. ನಳಿಗೆಯ ಹೊಟ್ಟೆ ಓದಿ

ಕೋವಿ ನೋಡಲು ಹೋದಾಗ ಎಲ್ಲರೂ ಮೊದಲು ಕೆತ್ತನೆ ನೋಡುತ್ತಾರೆ. ಮಾರುವವನಿಗೂ ಅದೇ ಬೇಕು. ನೀವು ಹಾಗೆ ಮಾಡಬೇಡಿ. ಕೋವಿ ಖಾಲಿ ಇದೆಯಾ ಅಂತ ಮೂರೂ ನಳಿಗೆ ನೋಡಿ ಖಾತ್ರಿ ಮಾಡಿಕೊಳ್ಳಿ. ಮುಂಗೈ ಹಿಡಿಯುವ ಮರದ ತುಂಡನ್ನು ಬಿಚ್ಚಿ, ನಳಿಗೆಗಳನ್ನು ಕಳಚಿ, ಮಗುಚಿ ಹಾಕಿ. ಕೋವಿಯ ಜಾತಕ ಇರುವುದು ಅಲ್ಲಿ, ನಳಿಗೆಯ ಕೆಳಭಾಗದಲ್ಲಿ.

ಜರ್ಮನಿಯಲ್ಲಿ ಪ್ರತಿ ಕೋವಿಯನ್ನೂ ಸರ್ಕಾರಿ ಪರೀಕ್ಷಾ ಕೇಂದ್ರದಲ್ಲಿ ಜಾಸ್ತಿ ಒತ್ತಡದ ತೋಟಾ ಹಾಕಿ ಸಿಡಿಸಿ ನೋಡುತ್ತಾರೆ. ತಡೆದುಕೊಂಡರೆ ಮುದ್ರೆ ಒತ್ತುತ್ತಾರೆ. ಇದನ್ನು ಬೆಶುಸ್ ಅನ್ನುತ್ತಾರೆ. 1891ರ ಕಾನೂನಿನ ಕಾಲದ ಮುದ್ರೆಗಳಲ್ಲಿ ಕಿರೀಟ, ಅದರ ಕೆಳಗೆ ಒಂದೊಂದು ಅಕ್ಷರ ಇರುತ್ತದೆ. ‘ಯು’ ಅಂದರೆ ಪರಿಶೀಲನೆ ಆಗಿದೆ. ‘ಜಿ’ ಅಂದರೆ ಒಳಗೆ ತಿರುಚು ಗೀರು ಇರುವ ರೈಫಲ್ ನಳಿಗೆ. ‘ಎಸ್’ ಅಂದರೆ ಚರೆ ನಳಿಗೆ. ‘ಡಬ್ಲ್ಯು’ ಅಂದರೆ ತುದಿಯಲ್ಲಿ ಕಿರಿದಾಗುವ ಚೋಕ್ ಇದೆ ಅಂತ. 1939ರ ಕಾನೂನು ಬಂದ ಮೇಲೆ ಹದ್ದು ಮತ್ತು ‘ಎನ್’ ಕಾಣುತ್ತದೆ. ‘ಎನ್’ ಅಂದರೆ ನೈಟ್ರೋ, ಹೊಗೆಯಿಲ್ಲದ ಮದ್ದಿಗೆ ಪರೀಕ್ಷೆ ಆಗಿದೆ ಎಂದು. ಎರಡು ಯುದ್ಧಗಳ ನಡುವಿನ ಸೂಲ್ ಕೋವಿಗಳಲ್ಲಿ ಎಷ್ಟೋ ಸಲ ತಿಂಗಳು ಮತ್ತು ವರ್ಷವೂ ಇರುತ್ತದೆ. ‘8 27’ ಅಂತಿದ್ದರೆ 1927ರ ಆಗಸ್ಟ್. ಮಾರುವವನು “ನಮ್ಮ ಮುತ್ತಜ್ಜಂದು, 1900ರದ್ದು” ಅಂದಾಗ ಈ ಅಂಕಿ ಕೆಲಸಕ್ಕೆ ಬರುತ್ತದೆ.

ಹೊಗೆಯಿಲ್ಲದ ಮದ್ದಿನ ಗುರುತು ಎಲ್ಲೂ ಇಲ್ಲದಿದ್ದರೆ, ಅಥವಾ ನಳಿಗೆಯ ಮೇಲೆ ಹಾವಿನ ಪೊರೆಯಂಥ ಡಮಾಸ್ಕಸ್ ವಿನ್ಯಾಸ ಕಂಡರೆ, ಇವತ್ತಿನ ತೋಟಾ ಹಾಕುವ ಆಸೆ ಬಿಡಿ. ಗೋಡೆಗೆ ಚೆಂದ ಅಷ್ಟೇ. “ನಿನ್ನೆ ಕೂಡ ಹೊಡೆದೆ, ಏನೂ ಆಗಲಿಲ್ಲ” ಅನ್ನುವ ಮಾರಾಟಗಾರರು ಸಿಗುತ್ತಾರೆ. ಇವತ್ತಿಗೂ ಏನೂ ಆಗಲ್ಲ ಅನ್ನೋಕೆ ಅದು ಸಾಕ್ಷಿ ಅಲ್ಲ.

ಇಲ್ಲೇ ಇನ್ನೊಂದು ನೋಡಿ. ನಳಿಗೆ, ನಡುವಿನ ಉಕ್ಕಿನ ಭಾಗ, ಮುಂಗೈ ಮರದ ಕಬ್ಬಿಣ, ಮೂರರಲ್ಲೂ ನಂಬರ್ ಒಂದೇ ಇರಬೇಕು. ಯುದ್ಧ ಮುಗಿದಾಗ ಈ ಕೋವಿಗಳು ರಾಶಿ ಬಿದ್ದವು, ಎಷ್ಟೋ ಸೈನಿಕರ ಚೀಲ ಸೇರಿ ಅಮೆರಿಕಕ್ಕೆ ಹೋದವು. ಒಂದರ ನಳಿಗೆ ಇನ್ನೊಂದಕ್ಕೆ ಕೂಡಿಸಿದವೂ ಇವೆ.

3. ತೋಟಾ ಯಾವುದು, ಸಿಗುತ್ತಾ?

ಜನ ಅತಿ ಹೆಚ್ಚು ಎಡವುವುದು ಇಲ್ಲಿ. ಹಾಗಾಗಿ ನಿಧಾನಕ್ಕೆ ಓದಿ.

ಮೊದಲು ಚರೆ ನಳಿಗೆ. ಹಳೇ ಡ್ರಿಲ್ಲಿಂಗ್‌ಗಳಲ್ಲಿ ಬಹಳಷ್ಟು 16 ಗೇಜಿನವು. ಗೇಜ್ ಅಂದರೆ ನಳಿಗೆಯ ಒಳ ಅಗಲದ ಅಳತೆ, ಅಂಕಿ ಹೆಚ್ಚಾದಷ್ಟು ನಳಿಗೆ ಸಣ್ಣದು. ನಮಗೆ ಊರಲ್ಲಿ ಗೊತ್ತಿರುವ 12ಕ್ಕಿಂತ ಇದು ಸ್ವಲ್ಪ ಸಣ್ಣದು. ತೊಂದರೆ ಇರುವುದು ತೋಟಾದ ಉದ್ದದಲ್ಲಿ. ಆ ಕಾಲದ ತೋಟಾ ಮನೆ, ಅಂದರೆ ನಳಿಗೆಯಲ್ಲಿ ತೋಟಾ ಕೂರುವ ಜಾಗ, 65 ಮಿಲಿಮೀಟರಿನದು. ಈಗ ಅಂಗಡಿಯಲ್ಲಿ ಸಿಗುವ ತೋಟಾ ಬಹುತೇಕ 70ರದ್ದು. 70ರ ತೋಟಾ 65ರ ಮನೆಯೊಳಗೆ ಸಲೀಸಾಗಿ ಕೂರುತ್ತದೆ, ಅದೇ ಮೋಸ. ಯಾಕೆಂದರೆ ಹೊಡೆಯುವ ಮೊದಲು ತೋಟಾದ ಬಾಯಿ ಮಡಚಿರುತ್ತದೆ. ಹೊಡೆದಾಗ ಮಡಿಕೆ ಬಿಚ್ಚಿಕೊಂಡು ಮುಂದಿನ ಕಿರಿದಾದ ಜಾಗಕ್ಕೆ ನುಗ್ಗುತ್ತದೆ. ಚರೆ ಹೊರಗೆ ಹೋಗುವ ದಾರಿಯೇ ಇಕ್ಕಟ್ಟಾಗಿ ಒತ್ತಡ ಏರುತ್ತದೆ. ನಳಿಗೆಯ ಮೇಲೆ ‘70’ ಅಂತ ಬರೆದಿಲ್ಲದಿದ್ದರೆ 65 ಅಂತಲೇ ತಿಳಿಯಿರಿ. ಅಳೆದು ಖಚಿತಪಡಿಸಿಕೊಳ್ಳುವುದು ಬಂದೂಕು ರಿಪೇರಿಯವರ ಕೆಲಸ. 65ರ ತೋಟಾ ಈಗಲೂ ತಯಾರಾಗುತ್ತದೆ, ಕೇಳಿ ತರಿಸಬೇಕು. ಉಕ್ಕಿನ ಚರೆ ಈ ನಳಿಗೆಗೆ ಹಾಕಲೇಬೇಡಿ. 2023ರ ಫೆಬ್ರವರಿಯಿಂದ ಯುರೋಪಿಯನ್ ಒಕ್ಕೂಟದ ಜೌಗು ಪ್ರದೇಶಗಳಲ್ಲಿ ಸೀಸದ ಚರೆಗೆ ನಿಷೇಧ ಇದೆ. ಅಂಥ ಕಡೆ ಹಳೇ ಕೋವಿಯವರಿಗೆ ಉಳಿಯುವುದು ಬಿಸ್ಮತ್ ಚರೆ. ದುಬಾರಿ, ಆದರೆ ಮೆತ್ತಗಿರುವ ಲೋಹ.

ಈಗ ರೈಫಲ್ ನಳಿಗೆ. ಇಲ್ಲಿ ಎರಡು ಹೆಸರು ನೆನಪಿಡಿ.

ಒಂದು, 8×57. ಮೊದಲ ಅಂಕಿ ಗುಂಡಿನ ಸುಮಾರು ದಪ್ಪ, ಎರಡನೆಯದು ತೋಟಾ ಕೊಳವೆಯ ಉದ್ದ, ಎರಡೂ ಮಿಲಿಮೀಟರಿನಲ್ಲಿ. ಈ ಹೆಸರಿನಲ್ಲಿ ಎರಡು ಅಳತೆಯ ಗುಂಡು ಇವೆ. ಹಳೆಯ ‘ಐ’ ಅಥವಾ ‘ಜೆ’ ಗುಂಡು ಸುಮಾರು 8.07 ಮಿ.ಮೀ. ದಪ್ಪ. ಆಮೇಲೆ ಬಂದ ‘ಎಸ್’ ಗುಂಡು ಸುಮಾರು 8.20 ಮಿ.ಮೀ. ನಡುವೆ ಮಡಚಿ ತೆರೆಯುವ ಇಂಥ ಕೋವಿಗಳಿಗೆ ಬುಡದಲ್ಲಿ ಅಂಚಿರುವ ತೋಟಾ ಬೇಕು, ಅದಕ್ಕೆ ‘ಆರ್’ ಸೇರುತ್ತದೆ. ಹೀಗಾಗಿ 8×57 ಐಆರ್ ಮತ್ತು 8×57 ಐಆರ್‌ಎಸ್ ಅನ್ನೋ ಎರಡು ತೋಟಾಗಳು. ಕೊನೆಯ ಒಂದು ‘ಎಸ್’ ಅಷ್ಟೇ ವ್ಯತ್ಯಾಸ. ದಪ್ಪ ಗುಂಡನ್ನು ತೆಳು ನಳಿಗೆಗೆ ಹಾಕಿದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ. 1930ರ ದಶಕಕ್ಕೂ ಮುಂಚಿನ ಕೋವಿಯಾದರೆ ತೆಳು ನಳಿಗೆ ಇರಬಹುದೆಂದೇ ಅನುಮಾನಪಡಿ. ಅಳೆಸದೆ ಒಂದೂ ಗುಂಡು ಹೊಡೆಯಬೇಡಿ.

ಇನ್ನೊಂದು, 9.3×72ಆರ್. ಉದ್ದನೆಯ, ಸೌಮ್ಯ ಒತ್ತಡದ ಹಳೇ ತೋಟಾ. ಕಾಡುಪ್ರಾಣಿಗೆ ಹತ್ತಿರದಿಂದ ಹೊಡೆಯಲು ಮಾಡಿದ್ದು. ಈಗಲೂ ಕಾರ್ಖಾನೆಯಲ್ಲಿ ತಯಾರಾಗುತ್ತದೆ. ಆದರೆ ಹಳೇ ಕುಶಲಕರ್ಮಿಗಳು ಒಬ್ಬೊಬ್ಬರು ಒಂದೊಂದು ಅಳತೆಗೆ ನಳಿಗೆ ಕೊರೆದಿದ್ದಾರೆ. ಹಾಗಾಗಿ ಪೆಟ್ಟಿಗೆಯ ಮೇಲಿನ ಹೆಸರು ಹೊಂದಿತು ಅಂತ ಗುಂಡು ಹೊಂದುತ್ತದೆ ಎಂದಲ್ಲ. 9.3×74ಆರ್ ಇದರ ಅಣ್ಣನಂತೆ ಕಾಣುತ್ತದೆ, ಸಂಬಂಧವೇ ಇಲ್ಲ. ಬಹಳ ಜೋರು ತೋಟಾ ಅದು. ಎರಡನ್ನೂ ಕಲಸಬೇಡಿ.

ಮೊದಲ ಸಲ ಕೊಳ್ಳುವವರಿಗೆ ನನ್ನ ಸಲಹೆ: 7×57ಆರ್, 7×65ಆರ್ ಅಥವಾ 8×57 ಐಆರ್‌ಎಸ್ ಇರುವುದನ್ನು ಹುಡುಕಿ. ತೋಟಾ ಸಿಗುತ್ತದೆ, ಗೊಂದಲ ಕಡಿಮೆ.

4. ಕೈಗೆ ತೆಗೆದುಕೊಂಡು ನೋಡುವ ಪರೀಕ್ಷೆಗಳು

ಮಾರುವವರ ಒಪ್ಪಿಗೆ ಕೇಳಿ, ಇಷ್ಟು ಮಾಡಿ.

ಕಳಚಿದ ನಳಿಗೆಗಳನ್ನು ಬುಡದ ಕೊಕ್ಕೆಯ ಹತ್ತಿರ ದಾರ ಕಟ್ಟಿ ತೂಗುಬಿಡಿ. ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿ. ಗಂಟೆಯಂತೆ ನಾದ ಬಂದು ಸ್ವಲ್ಪ ಹೊತ್ತು ನಿಂತರೆ ಬೆಸುಗೆ ಗಟ್ಟಿ ಇದೆ. ಮಡಕೆ ಬಿರುಕು ಬಿಟ್ಟ ಹಾಗೆ ಗರಗರ ಅಂದರೆ ನಳಿಗೆಗಳ ನಡುವಿನ ಪಟ್ಟಿ ಎಲ್ಲೋ ಬಿಟ್ಟುಕೊಂಡಿದೆ. ಮೂರು ನಳಿಗೆಗಳನ್ನು ಮತ್ತೆ ಬೆಸೆಯುವುದು ಅಂದರೆ ಕೋವಿ ಬೆಲೆಗಿಂತ ಜಾಸ್ತಿ ಖರ್ಚು. ಅಲ್ಲಿಗೇ ನಮಸ್ಕಾರ ಹೇಳಿ ಬನ್ನಿ.

ನಳಿಗೆಯೊಳಗೆ ಬೆಳಕಿನ ಕಡೆ ನೋಡಿ. ಹೊಳೆಯುವ ಉಂಗುರಗಳು ಸಮವಾಗಿ ಕಾಣಬೇಕು. ಒಂದು ಕಡೆ ಉಂಗುರ ಮುರಿದಂತೆ ಕಂಡರೆ ಅಲ್ಲಿ ತಗ್ಗು ಅಥವಾ ಉಬ್ಬು ಇದೆ. ತಗ್ಗು ತೆಗೆಸಬಹುದು. ಉಬ್ಬು ಇದ್ದರೆ ಬೇಡ. ರೈಫಲ್ ನಳಿಗೆಯಲ್ಲಿ ಹಳೇ ತೋಟಾಗಳ ಉಪ್ಪಿನಿಂದಾದ ಸಣ್ಣ ತುಕ್ಕುಗುಳಿ ಬಹಳ ಸಾಮಾನ್ಯ. ಗೀರಿನ ಅಂಚು ಚೂಪಾಗಿದ್ದರೆ ಗುಳಿಯಿದ್ದೂ ಗುರಿ ಚೆನ್ನಾಗಿ ಬರುವುದುಂಟು. ಅಷ್ಟಕ್ಕೇ ಗಾಬರಿಯಾಗಬೇಡಿ, ಬೆಲೆ ಇಳಿಸಲು ಮಾತ್ರ ಬಳಸಿ.

ಮತ್ತೆ ಜೋಡಿಸಿ, ಮುಂಗೈ ಮರ ಇಲ್ಲದೆ ಮುಚ್ಚಿ, ಅಲ್ಲಾಡಿಸಿ. ಕಟಕಟ ಅಂದರೆ ಕೀಲು ಸವೆದಿದೆ. ಮುಚ್ಚಿದಾಗ ನಳಿಗೆಗೂ ಹಿಂದಿನ ಉಕ್ಕಿಗೂ ನಡುವೆ ಬೆಳಕು ಕಾಣಬಾರದು.

ಸ್ಕ್ರೂಗಳ ತಲೆ ನೋಡಿ. ಸೂಲ್‌ನ ಒಳ್ಳೆ ಕೆಲಸಗಾರರು ಎಲ್ಲ ಸ್ಕ್ರೂಗಳ ಸೀಳು ಒಂದೇ ದಿಕ್ಕಿಗೆ ನಿಲ್ಲುವಂತೆ ಕೂರಿಸುತ್ತಿದ್ದರು. ಸೀಳು ಕಿತ್ತುಹೋಗಿ ಎಲ್ಲೆಲ್ಲೋ ನಿಂತಿದ್ದರೆ ಯಾರೋ ಅಡುಗೆಮನೆ ಚಾಕುವಿನಿಂದ ಒಳಗೆ ಕೈ ಹಾಕಿದ್ದಾರೆ ಅಂತ ಅರ್ಥ. ನನಗಂತೂ ತುಕ್ಕಿಗಿಂತ ಇದೇ ಹೆಚ್ಚು ಭಯ.

ಕೊನೆಗೆ ಗುಂಡಿಗಳು. ಇಲ್ಲಿ ಜೀವಕ್ಕೆ ಸಂಬಂಧಿಸಿದ ಒಂದು ಮಾತು. ಸಾಮಾನ್ಯ ಜೋಡಿ ನಳಿಗೆ ಕೋವಿಯಲ್ಲಿ ಹೆಬ್ಬೆರಳಿನ ಕೆಳಗಿನ ಜಾರುಗುಂಡಿ ಸೇಫ್ಟಿ. ಬಹಳಷ್ಟು ಡ್ರಿಲ್ಲಿಂಗ್‌ಗಳಲ್ಲಿ ಅದು ಸೇಫ್ಟಿ ಅಲ್ಲ! ಅದು ನಳಿಗೆ ಬದಲಿಸುವ ಗುಂಡಿ. ಮುಂದೆ ತಳ್ಳಿದರೆ ಮುಂದಿನ ಟ್ರಿಗರ್ ಬಲಗಡೆಯ ಚರೆ ನಳಿಗೆಯನ್ನು ಬಿಟ್ಟು ರೈಫಲ್ ನಳಿಗೆಗೆ ಹೋಗುತ್ತದೆ, ಜೊತೆಗೆ ಗುರಿ ಹಿಡಿಯಲು ಇರುವ ಹಿಂದಿನ ಎಲೆ ತಾನಾಗಿ ಎದ್ದು ನಿಲ್ಲುತ್ತದೆ. ಸೇಫ್ಟಿ ಇರುವುದು ಮರದ ಹಿಡಿಯ ಎಡಗಡೆ. ಸೇಫ್ಟಿ ತೆಗೆದೆ ಅಂದುಕೊಂಡು ರೈಫಲಿಗೆ ಬದಲಿಸಿ, ಮೊಲಕ್ಕೆ ಅಂತ ಗುಂಡು ಹಾರಿಸುವ ತಪ್ಪು ಹೀಗೇ ಆಗುವುದು. ಚರೆ ಕೆಲವು ನೂರು ಮೀಟರಿಗೆ ಬೀಳುತ್ತದೆ. ರೈಫಲ್ ಗುಂಡು ಕಿಲೋಮೀಟರುಗಟ್ಟಲೆ ಹೋಗುತ್ತದೆ.

ಮುಂದಿನ ಟ್ರಿಗರನ್ನು ಮುಂದಕ್ಕೆ ಒತ್ತಿದರೆ ಟಿಕ್ ಅಂದು ಬಹಳ ಹಗುರಾಗುವುದೂ ಉಂಟು. ಅದಕ್ಕೆ ಶ್ಟೆಖರ್ ಅಂತ ಹೆಸರು. ಆಮೇಲೆ ಉಸಿರು ತಾಗಿದರೂ ಹಾರುತ್ತದೆ ಅನ್ನುವಷ್ಟು ನಾಜೂಕು. ಗುರಿಯಿಟ್ಟ ಮೇಲೆ ಮಾತ್ರ ಒತ್ತಬೇಕು. ಹೊಡೆಯದಿದ್ದರೆ ಮೊದಲು ಸೇಫ್ಟಿ, ಆಮೇಲೆ ಕೋವಿ ತೆರೆದು ತೋಟಾ ತೆಗೆಯುವುದು, ಕೊನೆಗೆ ಶ್ಟೆಖರ್ ಬಿಡಿಸುವುದು. ಈ ಕ್ರಮ ತಪ್ಪಬಾರದು. ಪರೀಕ್ಷೆಗೆ ಅಂತ ಖಾಲಿ ಕೋವಿಯ ಟ್ರಿಗರ್ ಟಕಟಕ ಎಳೆಯಬೇಡಿ, ತೋಟಾದ ಬುಡಕ್ಕೆ ಬಡಿಯುವ ಹಳೇ ಮೊಳೆ ಮುರಿಯಬಹುದು. ಪುಫರ್ ಅನ್ನುವ ಸುಳ್ಳು ತೋಟಾ ಹಾಕಿ ನೋಡಿ.

5. ಬೆಲೆ ಮತ್ತು ದುರ್ಬೀನು

ಜರ್ಮನಿಯಲ್ಲಿ ಹಳೇ ಡ್ರಿಲ್ಲಿಂಗ್ ಅಗ್ಗ ಯಾಕೆ ಅಂತ ಕೇಳುತ್ತಾರೆ. ಅಜ್ಜ ತೀರಿಕೊಂಡ ಮೇಲೆ ಲೈಸೆನ್ಸಿಲ್ಲದ ಮಕ್ಕಳಿಗೆ ಕೋವಿ ಹೊರೆ. ಬೀಗ ಹಾಕಿಸಿ ಇಟ್ಟುಕೊಳ್ಳಬೇಕು ಅಥವಾ ಮಾರಬೇಕು. ಈಗಿನ ಬೇಟೆಗಾರರಿಗೆ ಸದ್ದಡಗಿಸುವ ಕೊಳವೆ, ರಾತ್ರಿ ಕಾಣುವ ದುರ್ಬೀನು ಹಾಕಲು ಬರುವ ರೈಫಲ್ ಬೇಕು. ಕೊಳ್ಳುವವರಿಗಿಂತ ಮಾರುವವರೇ ಜಾಸ್ತಿ.

ದುರ್ಬೀನು ಇರುವುದನ್ನೇ ಕೊಳ್ಳಿ, ಗಾಜು ಮಂಕಾಗಿದ್ದರೂ ಪರವಾಗಿಲ್ಲ. ದುರ್ಬೀನಿಗಿಂತ ಅದನ್ನು ಕೂರಿಸುವ ಕೊಕ್ಕೆ ಮುಖ್ಯ. ಸೂಲ್ ಪದ್ಧತಿಯ ಆ ಕೊಕ್ಕೆಯನ್ನು ಒಂದೊಂದು ಕೋವಿಗೂ ಕೈಯಲ್ಲೇ ಅರದಿಂದ ಉಜ್ಜಿ ಹೊಂದಿಸಿರುತ್ತಾರೆ. ಇನ್ನೊಂದು ಕೋವಿಯದು ಇದಕ್ಕೆ ಕೂರುವುದಿಲ್ಲ. ಹೊಸದಾಗಿ ಮಾಡಿಸಲು ಹೋದರೆ ಎಷ್ಟೋ ಸಲ ಕೋವಿಗಿಂತ ಜಾಸ್ತಿ ದುಡ್ಡು ಬೇಕು.

ಒಂದು ವಿಶೇಷ ಎಚ್ಚರಿಕೆ. 1941–42ರಲ್ಲಿ ಜರ್ಮನ್ ವಾಯುಪಡೆಗಾಗಿ ಸೌವರ್ ಎಂ30 ಅನ್ನುವ ಡ್ರಿಲ್ಲಿಂಗ್ ಮಾಡಿದರು. ಅಲ್ಯೂಮಿನಿಯಂ ಪೆಟ್ಟಿಗೆಯಲ್ಲಿ ಬರುತ್ತಿತ್ತು, 12 ಗೇಜ್ ಮತ್ತು 9.3×74ಆರ್. ಸುಮಾರು ಎರಡೂವರೆ ಸಾವಿರ ಮಾತ್ರ ಆದವು. ಸಂಗ್ರಹಕಾರರು ದೊಡ್ಡ ಬೆಲೆ ಕೊಡುತ್ತಾರೆ. ಸಾಮಾನ್ಯ ಎಂ30ಕ್ಕೆ ಹದ್ದಿನ ಮುದ್ರೆ ಒತ್ತಿ ಮಾರುವವರೂ ಅದಕ್ಕೇ ಹುಟ್ಟಿಕೊಂಡಿದ್ದಾರೆ. ತಜ್ಞರ ಕಾಗದ ಇಲ್ಲದೆ ದುಡ್ಡು ಬಿಚ್ಚಬೇಡಿ.

6. ಮೊದಲ ಭೇಟಿ ಬ್ಯೂಕ್ಸೆನ್‌ಮಾಖರ್ ಹತ್ತಿರ

ಬ್ಯೂಕ್ಸೆನ್‌ಮಾಖರ್ ಅಂದರೆ ಪರವಾನಗಿ ಪಡೆದ ಬಂದೂಕು ಕೆಲಸಗಾರ. ಕೋವಿ ಕೈಗೆ ಬಂದ ಮೇಲೆ ಮೊದಲು ಅವರಲ್ಲಿಗೆ. ತೋಟಾ ಮನೆಯ ಅಳತೆ, ನಳಿಗೆಯ ಅಳತೆ, ಗೋಡೆಯ ದಪ್ಪ, ಮೊಳೆ, ಸ್ಪ್ರಿಂಗ್, ಸೇಫ್ಟಿ, ಇಷ್ಟನ್ನೂ ನೋಡಿ ಬರೆದುಕೊಡಲು ಕೇಳಿ.

ಮನೆಯಲ್ಲಿ ಏನು ಮಾಡಬಹುದು, ಏನು ಕೂಡದು ಅನ್ನುವ ಗೆರೆ ಎಳೆದುಕೊಳ್ಳಿ. ಒರೆಸುವುದು, ಎಣ್ಣೆ ಹಾಕುವುದು, ಮರದ ಆರೈಕೆ ನಿಮ್ಮದು. ಒಳಗಿನ ಯಂತ್ರ ಬಿಚ್ಚುವುದು, ತೋಟಾ ಮನೆ ಉದ್ದ ಮಾಡಿಸುವುದು, ಬೆಸುಗೆ, ಎಲ್ಲ ಅವರದು. ಜರ್ಮನ್ ಕಾನೂನಿನಲ್ಲಿ ಪರವಾನಗಿ ಇಲ್ಲದೆ ಆಯುಧದ ಮುಖ್ಯ ಭಾಗಗಳನ್ನು ತಿದ್ದುವುದೇ ತಪ್ಪು. ಒತ್ತಡ ತಡೆಯುವ ಭಾಗ ತಿದ್ದಿದರೆ ಕೋವಿ ಮತ್ತೆ ಬೆಶುಸ್ ಪರೀಕ್ಷೆಗೆ ಹೋಗಬೇಕು. ಮೂರು ನಳಿಗೆಗೆ ಎರಡೇ ಟ್ರಿಗರ್ ಇರುವ ಯಂತ್ರ ಗಡಿಯಾರದಷ್ಟು ಇಕ್ಕಟ್ಟು. ಬಿಚ್ಚಿದರೆ ಬಿಚ್ಚಿಕೊಳ್ಳುತ್ತದೆ. ಜೋಡಿಸುವಾಗ ಗೊತ್ತಾಗುತ್ತದೆ.

7. ಲೋಹದ ಕೆಲಸ

ಮೊದಲು ಎಲ್ಲ ಕಡೆಯಿಂದ ಫೋಟೋ ತೆಗೆಯಿರಿ. ಆಮೇಲೆ ಎಣ್ಣೆ. ಜರ್ಮನ್ನರಿಗೆ ಬ್ಯಾಲಿಸ್ಟೋಲ್ ಅಂದರೆ ನಮಗೆ ಹರಳೆಣ್ಣೆ ಇದ್ದಂಗೆ, ಎಲ್ಲದಕ್ಕೂ ಅದೇ. 1900ರ ದಶಕದ ಮೊದಲಲ್ಲಿ ಸೈನ್ಯಕ್ಕಾಗಿ ಮಾಡಿದ್ದು, ಇವತ್ತಿಗೂ ಸಿಗುತ್ತದೆ. ಕೆಂಪು ತುಕ್ಕಿನ ಮೇಲೆ ಸವರಿ ಒಂದು ರಾತ್ರಿ ಬಿಡಿ. ಮರುದಿನ ಅತಿ ನುಣುಪಾದ ಸ್ಟೀಲ್ ವುಲ್ಲನ್ನು ಎಣ್ಣೆಯಲ್ಲಿ ಅದ್ದಿ ಮೆಲ್ಲಗೆ ಉಜ್ಜಿ. ಒಣಗಿದ್ದನ್ನು ಉಜ್ಜಬೇಡಿ. ಕೆಂಪು ಹೋಗಿ ಕಂದು ಛಾಯೆ ಉಳಿದರೆ ಅಲ್ಲಿಗೆ ನಿಲ್ಲಿಸಿ. ಆ ಕಂದು ಬಣ್ಣ ವಯಸ್ಸು, ಕೊಳೆ ಅಲ್ಲ.

ನಳಿಗೆಯ ಒಳಗನ್ನು ಯಾವಾಗಲೂ ತೋಟಾ ಹಾಕುವ ಕಡೆಯಿಂದ ಶುಚಿ ಮಾಡಿ. ಬಾಯಿಯ ಕಡೆಯಿಂದ ಕಡ್ಡಿ ತೂರಿಸಿದರೆ ತುದಿಯ ಗೀರು ಸವೆಯುತ್ತದೆ, ಗುರಿ ಕೆಡುತ್ತದೆ.

ಹೊಸ ಕಪ್ಪು ಬಣ್ಣ ಬೇಕೇ ಬೇಕು ಅನ್ನುವವರಿಗೆ, ಇದನ್ನು ಎರಡು ಸಲ ಓದಿ. ಈಗಿನ ಹೆಚ್ಚಿನ ಕೋವಿಗಳಿಗೆ ಕುದಿಯುವ ಕ್ಷಾರದ ತೊಟ್ಟಿಯಲ್ಲಿ ಮುಳುಗಿಸಿ ಕಪ್ಪು ಮಾಡುತ್ತಾರೆ. ಡ್ರಿಲ್ಲಿಂಗ್ ನಳಿಗೆಗಳನ್ನು ಹಿಡಿದಿರುವುದು ತವರದ ಬೆಸುಗೆ. ಆ ಕ್ಷಾರ ತವರವನ್ನು ತಿಂದುಹಾಕುತ್ತದೆ. ಪಟ್ಟಿಗಳ ಒಳಗೆ ಸಿಕ್ಕಿಕೊಂಡ ಉಪ್ಪು ವರ್ಷಗಟ್ಟಲೆ ಒಳಗಿನಿಂದ ತುಕ್ಕು ಹಿಡಿಸುತ್ತದೆ. ಕೋವಿ ಹೊಳೆಯುತ್ತಾ ಮನೆಗೆ ಬರುತ್ತದೆ, ಆಮೇಲೆ ಒಂದು ದಿನ ಪಟ್ಟಿ ಎದ್ದು ಬರುತ್ತದೆ. ಇದಕ್ಕೆ ಹಳೇ ಪದ್ಧತಿಯೇ ಸರಿ. ದ್ರಾವಣ ಸವರಿ, ತೆಳುವಾಗಿ ತುಕ್ಕು ಬರಿಸಿ, ನೀರಲ್ಲಿ ಕುದಿಸಿ ಆ ಕೆಂಪನ್ನು ಕಪ್ಪಾಗಿಸಿ, ಬ್ರಷ್ಷಿನಲ್ಲಿ ಉಜ್ಜಿ, ಮತ್ತೆ ಮತ್ತೆ ಅದೇ. ಬರೀ ನೀರಿನ ಕುದಿಗೆ ತವರ ಕರಗುವುದಿಲ್ಲ. ದಿನಗಟ್ಟಲೆ ಹಿಡಿಯುವ ಕೆಲಸ. ಅಂಗಡಿಯವರು ಯಾವ ಪದ್ಧತಿ ಮಾಡುತ್ತಾರೆ ಅಂತ ಬಾಯಿಬಿಟ್ಟು ಕೇಳಿ, ಬರೆಸಿಕೊಳ್ಳಿ. ಪಾಲಿಶ್ ಚಕ್ರಕ್ಕೆ ಹಿಡಿಯುವುದೂ ಬೇಡ, ಮುದ್ರೆ ಮತ್ತು ಕೆತ್ತನೆ ಅಳಿಸಿಹೋಗುತ್ತವೆ.

8. ಮರ ಮತ್ತು ಕೊಂಬು

ಹಿಡಿ ಅಕ್ರೋಟ್ ಮರದ್ದು. ಕೊಂಡ ಖುಷಿಯಲ್ಲಿ ಮೊದಲು ಉಪ್ಪುಕಾಗದ ಹಿಡಿಯುತ್ತಾರೆ. ದಯವಿಟ್ಟು ಬೇಡ. ಮರ ಉಕ್ಕಿಗೆ ಸಮನಾಗಿ ಕೂತಿರುತ್ತದೆ. ಉಜ್ಜಿದರೆ ಮರ ಕೆಳಗಿಳಿದು ಉಕ್ಕು ಮೇಲೆ ನಿಲ್ಲುತ್ತದೆ, ಹಿಡಿತಕ್ಕೆ ಕೊರೆದ ಚೌಕಳಿ ಮಾಯವಾಗುತ್ತದೆ. ಅದನ್ನು ವಾಪಸ್ ತರಲು ಆಗುವುದಿಲ್ಲ.

ತಗ್ಗು ಬಿದ್ದ ಕಡೆ ಒದ್ದೆ ಬಟ್ಟೆ ಇಟ್ಟು ಇಸ್ತ್ರಿ ಪೆಟ್ಟಿಗೆಯ ತುದಿ ತಾಗಿಸಿ. ಹಬೆಗೆ ಮರದ ನಾರು ಉಬ್ಬಿ ತಗ್ಗು ತುಂಬಿಕೊಳ್ಳುತ್ತದೆ. ನಾರು ಕತ್ತರಿಸಿಹೋಗಿದ್ದರೆ ಮಾತ್ರ ತುಂಬುವುದಿಲ್ಲ. ಉಕ್ಕಿನ ಹತ್ತಿರ ಮರ ಕಪ್ಪಾಗಿ ಮೆತ್ತಗಾಗಿದ್ದರೆ ವರ್ಷಗಳ ಎಣ್ಣೆ ಕುಡಿದಿದೆ. ಸೀಮೆಸುಣ್ಣದ ಪುಡಿಯನ್ನು ಅಸಿಟೋನಿನಲ್ಲಿ ಕಲಸಿ ಹಚ್ಚಿ, ಒಣಗಿದ ಮೇಲೆ ಉದುರಿಸಿ. ಪುಡಿ ಎಣ್ಣೆ ಎಳೆದುಕೊಳ್ಳುತ್ತದೆ. ನಾಲ್ಕೈದು ಸಲ ಬೇಕಾಗಬಹುದು. ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಬೇಡ.

ಆಮೇಲೆ ಅಗಸೆ ಎಣ್ಣೆ. ಅಂಗೈಗೆ ಎರಡು ಹನಿ, ಬಿಸಿಯಾಗುವಷ್ಟು ಉಜ್ಜುವುದು, ಉಳಿದದ್ದನ್ನು ಒರೆಸುವುದು, ಎರಡು ದಿನ ಒಣಗಲು ಬಿಡುವುದು. ಜಾಸ್ತಿ ಹಾಕಿದರೆ ಅಂಟು ಅಂಟಾಗಿ ಕೂರುತ್ತದೆ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬುಟ್ಟಿಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿಯಾಗುತ್ತದೆ, ಮುದ್ದೆ ಬಟ್ಟೆ ತಾನಾಗೇ ಹೊತ್ತಿಕೊಳ್ಳುತ್ತದೆ. ಹರಡಿ ಹೊರಗೆ ಒಣಗಿಸಿ ಅಥವಾ ನೀರಲ್ಲಿ ಮುಳುಗಿಸಿ.

ಹಿಡಿಯ ತುದಿ ಮತ್ತು ಟ್ರಿಗರಿನ ಬಳೆ ಎಷ್ಟೋ ಕೋವಿಗಳಲ್ಲಿ ಕೊಂಬಿನವು. ಕೊಂಬನ್ನು ಹುಳ ತಿನ್ನುತ್ತದೆ. ಸಣ್ಣ ಹಳ್ಳ, ಪುಡಿ ಕಂಡರೆ ಆ ಕೋವಿಯನ್ನು ಬೇರೆ ಕೋವಿಗಳ ಜೊತೆ ಇಡುವ ಮೊದಲು ಹುಳದ ಕಾಟ ನಿವಾರಿಸಿ. ಹಿಡಿಯ ಮಣಿಕಟ್ಟಿನ, ಅಂದರೆ ಕೈ ಸುತ್ತಿ ಹಿಡಿಯುವ ತೆಳು ಭಾಗದ, ಹತ್ತಿರ ಮರ ಸೀಳಿದ್ದರೆ ಫೆವಿಕಾಲ್ ಹಾಕಲು ಹೋಗಬೇಡಿ. ಪ್ರತಿ ಹೊಡೆತದ ಪೆಟ್ಟೂ ಅಲ್ಲೇ ಬೀಳುವುದು. ಬಲ್ಲವರಿಗೆ ಕೊಡಿ.

9. ಗುರಿ ನೋಡುವುದು

ರೇಂಜಿನಲ್ಲಿ ರೈಫಲ್ ನಳಿಗೆಯ ಮೂರು ಗುಂಡು ಬಡಬಡ ಹೊಡೆದು, ಒಂದಕ್ಕಿಂತ ಒಂದು ಮೇಲೆ ಹೋಯಿತು ಅಂತ ಕೋವಿಯನ್ನು ಬೈಯುವವರು ತುಂಬ. ಅದು ಕೋವಿಯ ತಪ್ಪಲ್ಲ. ನಳಿಗೆಗಳು ಒಂದಕ್ಕೊಂದು ಬೆಸೆದಿವೆ. ಕೆಳಗಿನದು ಬಿಸಿಯಾಗಿ ಉದ್ದವಾದಾಗ ತಣ್ಣಗಿರುವ ಮೇಲಿನ ಎರಡು ಅದನ್ನು ಹಿಡಿದುಕೊಳ್ಳುತ್ತವೆ, ಇಡೀ ಕಟ್ಟು ಮೇಲಕ್ಕೆ ಬಾಗುತ್ತದೆ. ಒಂದು ಹೊಡೆಯಿರಿ, ನಳಿಗೆ ಕೈಗೆ ತಣ್ಣಗಾಗುವವರೆಗೆ ಕಾಯಿರಿ, ಇನ್ನೊಂದು ಹೊಡೆಯಿರಿ. ಬೇಟೆಯಲ್ಲಿ ಲೆಕ್ಕಕ್ಕೆ ಬರುವುದು ತಣ್ಣನೆ ನಳಿಗೆಯ ಮೊದಲ ಗುಂಡು ಮಾತ್ರ.

10. ಇಡುವ ರೀತಿ

ಹಳೇ ಚರ್ಮದ ಚೀಲ ಕೋವಿ ಜೊತೆ ಬಂದಿದ್ದರೆ ಚೀಲವನ್ನು ಬೇರೆ ಇಡಿ. ಚರ್ಮ ತೇವ ಹಿಡಿಯುತ್ತದೆ, ಹದ ಮಾಡಲು ಬಳಸಿದ ಆಮ್ಲ ಅದರಲ್ಲಿರುತ್ತದೆ, ಒಳಗಿಟ್ಟ ಕೋವಿಗೆ ಒಂದೇ ಚಳಿಗಾಲದಲ್ಲಿ ತುಕ್ಕು ಬರುತ್ತದೆ. ಸೇಫಿನಲ್ಲಿ ನಳಿಗೆಯ ಬಾಯಿ ಕೆಳಗೆ ಮಾಡಿ ನಿಲ್ಲಿಸಿ, ಕೆಳಗೆ ಒಂದು ಬಟ್ಟೆ ತುಂಡು ಇರಲಿ. ಬಾಯಿ ಮೇಲಿದ್ದರೆ ಎಣ್ಣೆ ಇಳಿದು ಮರಕ್ಕೆ ಸೇರುತ್ತದೆ, ನೀವು ಸೀಮೆಸುಣ್ಣದ ಪುಡಿ ಹಚ್ಚಿ ಅಷ್ಟು ಕಷ್ಟಪಟ್ಟು ತೆಗೆದ ಕಪ್ಪು ಮತ್ತೆ ಬರುತ್ತದೆ.